ಒಂದೇ ಮನೆಯ ಜಾಲತಾಣ

ಮಾರಾಟಕ್ಕಿಟ್ಟ ಒಂದೇ ಒಂದು ಮನೆಯನ್ನು ಪರಿಚಯಿಸಲು, ಆ ಮನೆಯದೇ ವಿಳಾಸದಲ್ಲಿ ವೆಬ್‌ಸೈಟ್ ತೆರೆಯುವುದು ಅಮೆರಿಕದ ರಿಯಲ್ ಎಸ್ಟೇಟ್ ವ್ಯವಹಾರದಲ್ಲಿ ರೂಢಿಗೆ ಬಂದಿರುವ ಪದ್ಧತಿ. ಬಾಗಿಲ ಸಂಖ್ಯೆ ಮತ್ತು ಬೀದಿಯ ಹೆಸರನ್ನು ಕೂಡಿಸಿ ಕೊನೆಗೆ ಡಾಟ್ ಕಾಮ್ ಸೇರಿಸಿದರೆ ಬಹುಮಟ್ಟಿಗೆ ಅದೇ ತಾಣದ ಹೆಸರು. ತೆರೆದ ಕೂಡಲೇ ಪರದೆಯ ತುಂಬ ಮನೆಯ ಮುಂಭಾಗದ ಚಿತ್ರ ಬರುತ್ತದೆ. ಮುಸ್ಸಂಜೆಯ ಹೊತ್ತಿನಲ್ಲಿ ಒಳಗಿನ ದೀಪಗಳನ್ನೆಲ್ಲ ಹಚ್ಚಿ ತೆಗೆದ ಚಿತ್ರವೆಂದರೆ ಏಜೆಂಟರಿಗೆ ಬಲು ಇಷ್ಟ. ಅದರ ಕೆಳಗೆ ಬೆಲೆ, ಚದರಡಿ, ಮಲಗುವ ಕೋಣೆಗಳ ಲೆಕ್ಕ. ಮತ್ತೂ ಕೆಳಗಿಳಿದರೆ ಹತ್ತಾರು ಫೋಟೊ, ನೆಲನಕ್ಷೆ, ಡ್ರೋನ್ ವಿಡಿಯೊ, ಕೋಣೆಯಿಂದ ಕೋಣೆಗೆ ನಡೆದಾಡಿದಂತೆ ಕಾಣಿಸುವ ಮೂರು ಆಯಾಮದ ದೃಶ್ಯ, ಹತ್ತಿರದ ಶಾಲೆಗಳ ಪಟ್ಟಿ, ಕೊನೆಗೆ ಏಜೆಂಟರ ಭಾವಚಿತ್ರ ಮತ್ತು ಮನೆ ನೋಡಲು ಸಮಯ ಕೇಳುವ ಫಾರಂ. ಮನೆಯ ಅಂಗಳದಲ್ಲಿ ನೆಟ್ಟ ‘ಮಾರಾಟಕ್ಕಿದೆ’ ಫಲಕದ ಮೇಲೆ ಕ್ಯೂಆರ್ ಕೋಡ್ ಅಂಟಿಸಿ ದಾರಿಹೋಕರನ್ನೂ ಅಲ್ಲಿಗೆ ಕಳಿಸುತ್ತಾರೆ. ಡೊಮೇನ್ ಹೆಸರಿಗೆ ವರ್ಷಕ್ಕೆ ಹತ್ತಿಪ್ಪತ್ತು ಡಾಲರ್ ಸಾಕು, ತಾಣ ಕಟ್ಟಲು ಸಿದ್ಧ ಅಚ್ಚುಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳಿವೆ. ಹಣವೆಲ್ಲ ಹೋಗುವುದು ಫೋಟೊ ಮತ್ತು ವಿಡಿಯೊಗೆ.

ಕೊಳ್ಳುವವರನ್ನು ಹುಡುಕಿಕೊಡುವ ಸಾಧನವೆಂದೇ ಇಂಥ ತಾಣಗಳನ್ನು ಕಟ್ಟಿಕೊಡುವವರು ಹೇಳುತ್ತಾರೆ. ಆ ಹೊಗಳಿಕೆಯನ್ನು ಪರೀಕ್ಷಿಸಿದರೆ ಸಿಗುವ ಉತ್ತರ ಬೇರೆ. ಮನೆ ಹುಡುಕುತ್ತಿರುವ ಅಪರಿಚಿತನನ್ನು ತಾನಾಗಿ ಕರೆತರುವ ಶಕ್ತಿ ಒಂದೇ ಮನೆಯ ತಾಣಕ್ಕೆ ತೀರ ಕಡಿಮೆ. ಬೇರೆಲ್ಲೋ ಆ ಮನೆಯನ್ನು ಕಂಡು, ನೋಡಲು ಹೋಗೋಣವೋ ಬೇಡವೋ ಎಂದು ಅರೆಮನಸ್ಸಿನಲ್ಲಿರುವವನಿಗೆ ಪೂರ್ತಿ ವಿವರ ಒದಗಿಸುವ ಕಡತವಾಗಿ ಮಾತ್ರ ಅದು ಬೆಲೆಬಾಳುತ್ತದೆ. ಹಾಗಿದ್ದ ಮೇಲೆ ತಾಣವೊಂದನ್ನು ಅದರ ಚಿತ್ರಗಳ ಅಂದದಿಂದ ಅಳೆಯಬಾರದು. ಹಲವು ಮನೆಗಳನ್ನು ಒಟ್ಟಿಗೆ ತೋರಿಸುವ ಪೋರ್ಟಲಿನ ಪುಟದಲ್ಲಿ ಸಿಗದ ಯಾವ ಕಾಗದಪತ್ರ, ಯಾವ ವಿವರ ಅಲ್ಲಿದೆ ಎಂದು ನೋಡಬೇಕು. ಪದ್ಧತಿಯ ಇತಿಹಾಸ, ಅದನ್ನು ಸುತ್ತಿರುವ ಕಾನೂನು, ಭಾರತದಲ್ಲಿ ಅದು ತಾಳಿದ ರೂಪ ಮೂರೂ ಈ ಮಾತಿಗೆ ಸಾಕ್ಷಿ ಹೇಳುತ್ತವೆ.

ಅಮೆರಿಕದಲ್ಲಿ ಮನೆಗಳ ಮಾಹಿತಿ ಬಹುಕಾಲ ದಲ್ಲಾಳಿಗಳ ಮುಷ್ಟಿಯಲ್ಲಿತ್ತು. 19ನೆಯ ಶತಮಾನದ ಕೊನೆಯ ಹೊತ್ತಿಗೇ ಅವರು ಒಂದೆಡೆ ಸೇರಿ ತಮ್ಮ ಕೈಯಲ್ಲಿರುವ ಮನೆಗಳ ವಿವರ ಹಂಚಿಕೊಳ್ಳುತ್ತಿದ್ದರು. ನನ್ನ ಮನೆಗೆ ನೀನು ಗಿರಾಕಿ ತಂದರೆ ಕಮಿಷನ್ನಿನಲ್ಲಿ ನಿನಗೂ ಪಾಲು ಎಂಬುದು ಒಪ್ಪಂದ. ಈ ಏರ್ಪಾಡು ಬೆಳೆದು ಎಂಎಲ್‌ಎಸ್ ಎಂಬ ಪ್ರಾದೇಶಿಕ ಪಟ್ಟಿ ವ್ಯವಸ್ಥೆಯಾಯಿತು. ಇವತ್ತು ದೇಶದಲ್ಲಿ ಐನೂರರ ಆಸುಪಾಸು ಎಂಎಲ್‌ಎಸ್‌ಗಳಿವೆ. ಬಹುಪಾಲು ಇವು 1908ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ರಾಷ್ಟ್ರೀಯ ರಿಯಲ್ಟರುಗಳ ಸಂಘದ ನಿಯಮಗಳಿಗೆ ಒಳಪಟ್ಟಿವೆ. 1990ರ ದಶಕದ ನಡುವಿನವರೆಗೂ ಈ ಪಟ್ಟಿ ಅಚ್ಚಾದ ದಪ್ಪ ಪುಸ್ತಕವಾಗಿಯೋ ಏಜೆಂಟರಿಗಷ್ಟೇ ತೆರೆಯುವ ಕಂಪ್ಯೂಟರ್ ದಾಖಲೆಯಾಗಿಯೋ ಇತ್ತು. ಆಮೇಲೆ ಪಟ್ಟಿಯನ್ನು ಜನರಿಗೂ ತೋರಿಸುವ ರಿಯಲ್ಟರ್ ಡಾಟ್ ಕಾಮ್ ಪೋರ್ಟಲು ಬಂತು. ಆನ್‌ಲೈನ್ ದಲ್ಲಾಳಿಗಳಿಗೆ ಪಟ್ಟಿ ಸಿಗದಂತೆ ಸಂಘ ತಡೆಯುತ್ತಿದೆ ಎಂದು ಅಮೆರಿಕದ ನ್ಯಾಯ ಇಲಾಖೆ 2005ರಲ್ಲಿ ಮೊಕದ್ದಮೆ ಹೂಡಿತು, 2008ರಲ್ಲಿ ರಾಜಿಯಾಯಿತು. ಈ ನಡುವೆ 2006ರ ಫೆಬ್ರುವರಿಯಲ್ಲಿ ಸಿಯಾಟಲ್‌ನ ಝಿಲ್ಲೋ ಪೋರ್ಟಲು ತೆರೆದುಕೊಂಡು, ಬಹಳಷ್ಟು ಮನೆಗಳಿಗೆ ಒಂದು ಅಂದಾಜು ಬೆಲೆ ಬರೆದಿಟ್ಟಿತು. ಜನರಿಗೆ ಮನೆ ಹುಡುಕಲು ಏಜೆಂಟರ ಬಾಗಿಲಿಗೆ ಹೋಗುವ ಅಗತ್ಯ ತಪ್ಪಿತು. ಒಂದೇ ಮನೆಯ ತಾಣ ಜನಪ್ರಿಯವಾದದ್ದೂ ಇದೇ ಕಾಲದಲ್ಲಿ. ಪೋರ್ಟಲುಗಳ ಪುಟದಲ್ಲಿ ಆಗ ಫೋಟೊಗಳು ಕೆಲವೇ, ಅವೂ ಸಣ್ಣವು. ದೊಡ್ಡ ಚಿತ್ರ, ವಿಡಿಯೊ ತೋರಿಸಲು ಏಜೆಂಟರಿಗೆ ಬೇರೆ ಜಾಗ ನಿಜವಾಗಿಯೂ ಬೇಕಿತ್ತು. ಆ ಕೊರತೆ ಈಗಿಲ್ಲ. ಪೋರ್ಟಲಿನ ಪುಟಗಳಲ್ಲೇ ಹತ್ತಾರು ದೊಡ್ಡ ಫೋಟೊ, ನೆಲನಕ್ಷೆ, ಮೂರು ಆಯಾಮದ ದೃಶ್ಯ ಎಲ್ಲವೂ ಸಿಗುತ್ತವೆ. ಕಾರಣ ಹೋದರೂ ರೂಢಿ ಉಳಿದುಕೊಂಡಿದೆ.

ಮನೆ ಹುಡುಕುವವನು ನಡೆಯುವ ದಾರಿಯನ್ನು ನೋಡಿದರೆ ತಾಣದ ಮಿತಿ ಸ್ಪಷ್ಟವಾಗುತ್ತದೆ. ಅವನು ಬೀದಿಯ ಹೆಸರು, ಬಾಗಿಲ ಸಂಖ್ಯೆ ಕೊಟ್ಟು ಹುಡುಕುವುದಿಲ್ಲ. ಅದು ಗೊತ್ತಿದ್ದರೆ ಮನೆ ಆಗಲೇ ಸಿಕ್ಕಿದ ಹಾಗಾಯಿತು. ಊರು, ಬಡಾವಣೆ, ಬಜೆಟ್ಟು, ಕೋಣೆಗಳ ಸಂಖ್ಯೆ ಕೊಟ್ಟು ಹುಡುಕುತ್ತಾನೆ. ಅಂಥ ಹುಡುಕಾಟಕ್ಕೆ ಗೂಗಲ್ ಮೊದಲು ತೋರಿಸುವುದು ವರ್ಷಗಟ್ಟಲೆ ನೆಲೆನಿಂತ, ಲಕ್ಷಾಂತರ ಕೊಂಡಿಗಳು ಬಂದು ಸೇರುವ ಪೋರ್ಟಲುಗಳನ್ನು. ನಿನ್ನೆ ಮೊನ್ನೆ ಹುಟ್ಟಿ, ಇನ್ನು ಎರಡು ತಿಂಗಳಲ್ಲಿ ಕೆಲಸ ಮುಗಿಸುವ ತಾಣವನ್ನು ಹುಡುಕಾಟದ ಯಂತ್ರ ಗುರುತಿಸುವ ಹೊತ್ತಿಗೆ ಮನೆ ಮಾರಾಟವಾಗಿರುತ್ತದೆ. ಸಂತೆಯನ್ನು ಬಿಟ್ಟು ಓಣಿಯೊಳಗೆ ಅಂಗಡಿ ತೆರೆದರೆ ವ್ಯಾಪಾರ ಹೇಗೋ ಹಾಗೆ. ದುಡ್ಡು ಕೊಟ್ಟು ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿ ಜನರನ್ನು ತರಬಹುದಲ್ಲ ಎಂದರೆ, ಅಲ್ಲೂ ಕಟ್ಟುಪಾಡಿದೆ. ವಸತಿ ಜಾಹೀರಾತುಗಳನ್ನು ಜನಾಂಗ, ಲಿಂಗ, ವಯಸ್ಸು ನೋಡಿ ಬೇಕಾದವರಿಗಷ್ಟೇ ತೋರಿಸಲು ಆ ಕಂಪನಿ ಅವಕಾಶ ಕೊಟ್ಟಿದೆ ಎಂದು ನಾಗರಿಕ ಹಕ್ಕುಗಳ ಸಂಘಟನೆಗಳು ಹೂಡಿದ ದಾವೆ 2019ರಲ್ಲಿ ರಾಜಿಯಾದ ಮೇಲೆ, ಅಮೆರಿಕದಲ್ಲಿ ಮನೆಯ ಜಾಹೀರಾತನ್ನು ವಯಸ್ಸು, ಲಿಂಗ, ಪಿನ್ ಕೋಡ್ ಆಧಾರದ ಮೇಲೆ ಗುರಿಯಿಡುವಂತಿಲ್ಲ. ಊರನ್ನು ಆರಿಸಿದರೂ ಕನಿಷ್ಠ 15 ಮೈಲಿ ತ್ರಿಜ್ಯದೊಳಗಿನವರಿಗೆಲ್ಲ ತೋರಿಸಬೇಕು. ಒಂದು ಮನೆಗೆ ತಕ್ಕ ನಾಲ್ಕು ಜನರನ್ನು ಆರಿಸಿ ಹಿಡಿಯುವ ಜಾಣ್ಮೆಗೆ ಅಲ್ಲಿ ಜಾಗ ಉಳಿದಿಲ್ಲ.

ಪ್ರತ್ಯೇಕ ತಾಣಗಳ ಬಗ್ಗೆಯೇ ನಡೆದ ಒಳ್ಳೆಯ ಅಧ್ಯಯನಗಳು ವಿರಳ. ಆದರೆ ಮುಖ್ಯ ಮಾರುಕಟ್ಟೆಯಿಂದ ಹೊರಗೆ ನಿಂತು ಮನೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ, ಮಾಲೀಕರೇ ಏಜೆಂಟರಿಲ್ಲದೆ ಮನೆ ಮಾರಲು ಬಳಸುತ್ತಿದ್ದ ಒಂದು ಸ್ಥಳೀಯ ಜಾಲತಾಣವನ್ನು ಎಂಎಲ್‌ಎಸ್‌ ಜೊತೆ ಹೋಲಿಸಿ ಹೆಂಡೆಲ್, ನೆವೊ, ಒರ್ಟಾಲೊ-ಮಾಗ್ನೆ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಲೇಖನ ಪ್ರಕಟಿಸಿದರು. ಮಾಲೀಕರೇ ಮಾರಿದ ಮನೆಗಳಿಗೆ ಬೆಲೆಯಲ್ಲಿ ನಷ್ಟವೇನೂ ಕಾಣಲಿಲ್ಲ, ಕಮಿಷನ್ ಉಳಿಯಿತು. ಆದರೆ ಮಾರಾಟಕ್ಕೆ ಹೆಚ್ಚು ಕಾಲ ಹಿಡಿಯಿತು, ಮಾರಾಟವಾಗದೆ ಉಳಿಯುವ ಸಾಧ್ಯತೆಯೂ ಹೆಚ್ಚಿತ್ತು. ಅಲ್ಲಿ ಸೋತವರು ಕೊನೆಗೆ ಎಂಎಲ್‌ಎಸ್‌ಗೇ ಬಂದರು. ಗಮನಿಸಬೇಕಾದದ್ದು ಇದು: ಅದು ಊರಿನವರೆಲ್ಲ ಬಲ್ಲ, ನೂರಾರು ಮನೆಗಳಿದ್ದ ತಾಣ. ಅದಕ್ಕೇ ಈ ಗತಿಯಾದರೆ, ಒಂದೇ ಮನೆಯಿಟ್ಟುಕೊಂಡು ನಿಂತ ತಾಣದ ಸೆಳೆತ ಅದಕ್ಕಿಂತ ಹೆಚ್ಚಿರಲಾರದು. ರಿಯಲ್ಟರುಗಳ ಸಂಘದ 2024ರ ಸಮೀಕ್ಷೆಯಂತೆ ಏಜೆಂಟರಿಲ್ಲದೆ ನಡೆದ ಮಾರಾಟ ಶೇ. 6ರಷ್ಟು ಮಾತ್ರ. ತಾಣ ಕಟ್ಟುವುದು ಇಷ್ಟು ಅಗ್ಗವಾಗಿಯೂ ಮಾಲೀಕರು ಸ್ವತಂತ್ರರಾಗಲಿಲ್ಲ ಎಂಬುದಕ್ಕೆ ಆ ಅಂಕಿ ಸಾಲುತ್ತದೆ, ಹೇಳಿದವರು ಏಜೆಂಟರ ಸಂಘದವರೇ ಎಂಬ ಗುಮಾನಿಯನ್ನು ಲೆಕ್ಕಕ್ಕೆ ಹಿಡಿದರೂ.

ಪೋರ್ಟಲುಗಳಿಂದ ದೂರವಿಟ್ಟು ತಾಣವೊಂದರಲ್ಲೇ ಮನೆಯನ್ನು ಮೊದಲು ತೋರಿಸಿ ಕುತೂಹಲ ಹುಟ್ಟಿಸುವ ತಂತ್ರವೂ ಇತ್ತು. ಅದಕ್ಕೆ ನಿಯಮವೇ ಅಡ್ಡ ಬಂತು. 2020ರಲ್ಲಿ ಜಾರಿಯಾದ ಸಂಘದ ನಿಯಮದಂತೆ, ಮನೆಯನ್ನು ಸಾರ್ವಜನಿಕವಾಗಿ ಪ್ರಚಾರ ಮಾಡಿದ ಒಂದು ಕೆಲಸದ ದಿನದೊಳಗೆ ಅದನ್ನು ಎಂಎಲ್‌ಎಸ್‌ಗೆ ಸೇರಿಸಲೇಬೇಕು. ಅಂಗಳದ ಫಲಕ, ಕರಪತ್ರ, ಸಾರ್ವಜನಿಕರಿಗೆ ತೆರೆದ ವೆಬ್‌ಸೈಟ್ ಎಲ್ಲವೂ ಪ್ರಚಾರವೇ. ಅಂದರೆ ತಾಣ ತೆರೆದುಕೊಂಡ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. 2025ರ ಮಾರ್ಚ್‌ನಲ್ಲಿ ಸಂಘ ನಿಯಮವನ್ನು ಉಳಿಸಿಕೊಂಡೇ, ಮಾಲೀಕರು ಒಪ್ಪಿದರೆ ಪೋರ್ಟಲುಗಳಿಗೆ ಕೆಲಕಾಲ ತಡವಾಗಿ ಕಳಿಸಬಹುದು ಎಂದು ಸಡಿಲ ಕೊಟ್ಟಿತು. ಅದರ ಬೆನ್ನಿಗೇ ಝಿಲ್ಲೋ, ಒಂದು ಕಡೆ ಪ್ರಚಾರ ಮಾಡಿ ಪಟ್ಟಿಗೆ ಹಾಕದೆ ಹಿಡಿದಿಟ್ಟುಕೊಂಡ ಮನೆಗಳನ್ನು ತಾನು ತೋರಿಸುವುದೇ ಇಲ್ಲ ಎಂದು ಸಾರಿತು. ಕಂಪಸ್ ಎಂಬ ದೊಡ್ಡ ದಲ್ಲಾಳಿ ಕಂಪನಿ ಇದರ ವಿರುದ್ಧ ಕೋರ್ಟಿಗೆ ಹೋಯಿತು. ದೈತ್ಯರ ಈ ಜಗಳದಲ್ಲಿ ಸಣ್ಣ ಏಜೆಂಟರು ಕಲಿತ ಪಾಠ ಒಂದೇ: ತಾಣವನ್ನು ಪೋರ್ಟಲಿನ ಬದಲಿಗೆ ಬಳಸುವಂತಿಲ್ಲ, ಜೊತೆಗೆ ಬಳಸಬೇಕು.

ಹೀಗಿದ್ದೂ ಏಜೆಂಟರು ತಾಣ ಕಟ್ಟುತ್ತಲೇ ಇರುವುದೇಕೆ? ಉತ್ತರ ಮಾರಾಟಗಾರರ ಮನೆಯ ಹಜಾರದಲ್ಲಿದೆ. ಮನೆ ಮಾರಬೇಕೆಂದಿರುವ ದಂಪತಿ ಎರಡು ಮೂರು ಏಜೆಂಟರನ್ನು ಕರೆಸಿ ಮಾತಾಡುತ್ತಾರೆ. ‘ನಿಮ್ಮ ಮನೆಗೇ ಒಂದು ವೆಬ್‌ಸೈಟ್ ಮಾಡುತ್ತೇನೆ’ ಎಂಬ ಮಾತಿಗೆ ಅಲ್ಲಿ ಸಿಗುವ ಮೆಚ್ಚುಗೆ, ‘ಬೆಲೆಯನ್ನು ಸರಿಯಾಗಿ ಕಟ್ಟುತ್ತೇನೆ’ ಎಂಬ ಮಾತಿಗೆ ಸಿಗುವುದಿಲ್ಲ. ತಾಣ ಕಣ್ಣಿಗೆ ಕಾಣುತ್ತದೆ, ನೆಂಟರಿಗೆ ಕಳಿಸಬಹುದು. ಬೀದಿಯವರು ನೋಡಿ ತಮ್ಮ ಮನೆಗೂ ಇದೇ ಏಜೆಂಟ್ ಇರಲಿ ಎಂದುಕೊಳ್ಳುತ್ತಾರೆ. ಏಜೆಂಟರ ಲಾಭ, ಮಾಲೀಕರ ಲಾಭ ಯಾವಾಗಲೂ ಒಂದೇ ಅಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಸೈವರ್‌ಸನ್ 2008ರ ಅಧ್ಯಯನದಲ್ಲಿ ತೋರಿಸಿದ್ದರು. ಶಿಕಾಗೋ ಸುತ್ತಮುತ್ತ ಏಜೆಂಟರು ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು 9.5 ದಿನ ಹೆಚ್ಚು ಕಾದು, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಕಾಯುವುದರಲ್ಲಿ ಬೆಲೆಯಿದೆ ಎಂದು ಅವರಿಗೆ ಗೊತ್ತಿತ್ತು. ಕಮಿಷನ್ನಿನಲ್ಲಿ ತಮಗೆ ಬರುವ ಚೂರಿಗಾಗಿ ಇನ್ನೊಬ್ಬರ ಮನೆಗೆ ಅಷ್ಟು ಕಾಯಲಿಲ್ಲ. ತಾಣವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಏಜೆಂಟರ ಮುಂದಿನ ಗಿರಾಕಿಯನ್ನು ತರುವ ಜಾಹೀರಾತಾಗಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಖರ್ಚನ್ನು ಏಜೆಂಟರೇ ಹೊತ್ತರೆ ಯಾರಿಗೂ ಅನ್ಯಾಯವಿಲ್ಲ. ಮಾಲೀಕರ ಲೆಕ್ಕಕ್ಕೆ ಬರೆದರೆ ಪ್ರಶ್ನೆ ಕೇಳಬೇಕಾಗುತ್ತದೆ.

ಇದಕ್ಕೆ ಎದುರಾಗಿ ತಾಣದ ಪರವಾದಿಗಳು ಹೇಳುವ ಬಲವಾದ ಮಾತೊಂದಿದೆ. ಪೋರ್ಟಲಿನ ಪುಟ ಮಾಲೀಕರದ್ದಲ್ಲ. ಅಲ್ಲಿ ನಿಮ್ಮ ಮನೆಯ ಚಿತ್ರದ ಕೆಳಗೇ ‘ಇಂಥವೇ ಬೇರೆ ಮನೆಗಳು’ ಎಂದು ಪಕ್ಕದ ಬೀದಿಯ ಅಗ್ಗದ ಮನೆ ತೋರಿಸುತ್ತಾರೆ. ಪೋರ್ಟಲಿನ ಅಂದಾಜು ಬೆಲೆ ನೀವು ಕೇಳಿದ ಬೆಲೆಗಿಂತ ಕಡಿಮೆಯಿದ್ದರೆ ಚೌಕಾಸಿಗೆ ಅಲ್ಲೇ ಬೀಜ ಬಿದ್ದಂತೆ. ಸಂಪರ್ಕದ ಗುಂಡಿ ಒತ್ತಿದರೆ ಕರೆ ಹೋಗುವುದು ಮನೆಯ ಏಜೆಂಟರಿಗಲ್ಲ, ಪೋರ್ಟಲಿಗೆ ಹಣ ಕಟ್ಟಿದ ಇನ್ನಾರೋ ಏಜೆಂಟರಿಗೆ. ಹೋಮ್ಸ್ ಡಾಟ್ ಕಾಮ್ ಅನ್ನು 2021ರಲ್ಲಿ ಕೊಂಡ ಕೋಸ್ಟಾರ್ ಕಂಪನಿ ಈ ಅಸಮಾಧಾನವನ್ನೇ ಬಂಡವಾಳ ಮಾಡಿಕೊಂಡು, ವಿಚಾರಣೆಗಳನ್ನು ಮನೆಯ ಏಜೆಂಟರಿಗೇ ಕೊಡುತ್ತೇವೆ ಎಂದು ಭಾರಿ ಪ್ರಚಾರ ನಡೆಸಿತು. ದೂರು ನಿಜ. ಆದರೆ ಅದರಿಂದ ಸಿದ್ಧವಾಗುವುದೇನು? ಪೋರ್ಟಲಿನಲ್ಲಿ ಮನೆ ಕಂಡವನನ್ನು ಅಲ್ಲಿನ ಗದ್ದಲದಿಂದ ಬಿಡಿಸಿ ನಿರಾತಂಕವಾಗಿ ಓದುವ ಜಾಗಕ್ಕೆ ಕರೆತರುವುದು ಒಳ್ಳೆಯದು ಎಂದಷ್ಟೆ. ಆ ಜಾಗದಲ್ಲೂ ಅದೇ ಫೋಟೊ, ಅದೇ ‘ಕನಸಿನ ಮನೆ’ ಎಂಬ ಒಕ್ಕಣೆ ಸಿಕ್ಕರೆ ಬಂದವನು ಹಿಂತಿರುಗುತ್ತಾನೆ. ಆಕ್ಷೇಪಕ್ಕೆ ಉತ್ತರ ಕೊಟ್ಟರೂ ವಿಷಯ ಮತ್ತೆ ಕಡತದ ಗುಣಕ್ಕೇ ಬಂದು ನಿಲ್ಲುತ್ತದೆ.

ಎಲ್ಲ ಆಸ್ತಿಗಳಿಗೂ ಒಂದೇ ಅಳತೆ ಸಲ್ಲದು ಎಂಬ ಇನ್ನೊಂದು ಆಕ್ಷೇಪವನ್ನು ಒಪ್ಪಲೇಬೇಕು. ದ್ರಾಕ್ಷಿ ತೋಟ, ಕುದುರೆಲಾಯವಿರುವ ಎಸ್ಟೇಟು, ಹೆಸರಾಂತ ವಾಸ್ತುಶಿಲ್ಪಿ ಕಟ್ಟಿದ ಹಳೆಯ ಮನೆ, ಬಾಡಿಗೆ ಬರುವ ವಾಣಿಜ್ಯ ಕಟ್ಟಡ ಇವು ಪೋರ್ಟಲಿನ ಸಿದ್ಧ ಚೌಕಟ್ಟಿನಲ್ಲಿ ಕೂರುವುದಿಲ್ಲ. ಮಲಗುವ ಕೋಣೆ ಎಷ್ಟು ಎಂದು ಕೇಳುವ ಫಾರಂನಲ್ಲಿ ನೀರಿನ ಹಕ್ಕು, ಮಣ್ಣಿನ ಪರೀಕ್ಷೆ, ಬಾಡಿಗೆದಾರರ ಕರಾರು ಬರೆಯಲು ಜಾಗವಿಲ್ಲ. ಕೊಳ್ಳುವವರು ದೂರದ ಊರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ತಿಂಗಳುಗಟ್ಟಲೆ ಯೋಚಿಸುತ್ತಾರೆ, ವಕೀಲರಿಗೆ ತೋರಿಸುತ್ತಾರೆ. ಇಲ್ಲಿ ಪ್ರತ್ಯೇಕ ತಾಣಕ್ಕೆ ಅರ್ಥವಿದೆ, ಅದೂ ಅದರ ಒಳಗಿನ ವಿವರದಿಂದ. ಮೂರು ಕೋಣೆಯ ಸಾಮಾನ್ಯ ಮನೆಗೆ ಈ ವಾದ ಹೊಂದುವುದಿಲ್ಲ.

ಕಡತದಲ್ಲಿ ಏನಿರಬೇಕು ಎನ್ನುವುದಕ್ಕೆ ಅಮೆರಿಕದ ಕಾನೂನೇ ಬಹುಪಾಲು ಉತ್ತರ ಬರೆದಿದೆ. 1978ಕ್ಕಿಂತ ಮುಂಚೆ ಕಟ್ಟಿದ ಮನೆಯಾದರೆ ಸೀಸದ ಬಣ್ಣದ ಬಗ್ಗೆ ಗೊತ್ತಿರುವುದನ್ನು ಮಾರಾಟಗಾರ ಹೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಸೋರುವ ಚಾವಣಿ, ಬಿರುಕು, ಅನುಮತಿಯಿಲ್ಲದೆ ಸೇರಿಸಿದ ಕೋಣೆ, ನೆರೆಯವರೊಡನೆ ತಕರಾರು ಎಲ್ಲವನ್ನೂ ನಿಗದಿತ ನಮೂನೆಯಲ್ಲಿ ತಿಳಿಸಬೇಕು; ಪ್ರವಾಹ, ಕಾಳ್ಗಿಚ್ಚು, ಭೂಕಂಪದ ವಲಯದಲ್ಲಿದ್ದರೆ ಅದನ್ನು ಬೇರೆಯಾಗಿ ಹೇಳಬೇಕು. ಈ ಕಾಗದಗಳನ್ನು ಮಾತುಕತೆ ಮುಗಿಯುವ ಹಂತದಲ್ಲಿ ಕೈಗಿಡುವುದು ವಾಡಿಕೆ. ಮೊದಲೇ ತಾಣದಲ್ಲಿಟ್ಟರೆ ಬರಬೇಕಾದವರು ಮಾತ್ರ ಬರುತ್ತಾರೆ, ಕೊನೆ ಗಳಿಗೆಯಲ್ಲಿ ಮುರಿದುಬೀಳುವ ವ್ಯವಹಾರ ಕಡಿಮೆಯಾಗುತ್ತದೆ. ದೋಷ ಓದಿ ಗಿರಾಕಿ ಓಡಿಹೋಗುತ್ತಾನೆ ಎಂದು ಏಜೆಂಟರು ಹೆದರುತ್ತಾರೆ. ಹೇಗೂ ಹೇಳಲೇಬೇಕಾದ ದೋಷ ಅದು. ತಡವಾಗಿ ಹೇಳಿದರೆ ಅವನು ಓಡುವುದರ ಜೊತೆಗೆ ಇಷ್ಟು ದಿನದ ಕಾಲವನ್ನೂ ಒಯ್ಯುತ್ತಾನೆ. ಚಿತ್ರಗಳ ವಿಷಯದಲ್ಲೂ ಕಾನೂನು ಇದೇ ದಿಕ್ಕಿಗೆ ನಡೆದಿದೆ. ಖಾಲಿ ಕೋಣೆಗೆ ಕಂಪ್ಯೂಟರಿನಲ್ಲಿ ಸೋಫಾ ಕೂರಿಸುವುದು, ಒಣಗಿದ ಹುಲ್ಲಿಗೆ ಹಸಿರು ಬಳಿಯುವುದು ಹೆಚ್ಚಾದ ಮೇಲೆ, 2026ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ತಿದ್ದಿದ ಚಿತ್ರ ಬಳಸಿದರೆ ಹಾಗೆಂದು ಹೇಳಿ, ತಿದ್ದದ ಮೂಲ ಚಿತ್ರ ನೋಡಲೂ ದಾರಿ ಕೊಡಬೇಕು.

ಬರೆಯುವ ಮಾತಿಗೂ ಲಗಾಮಿದೆ. 1968ರ ನ್ಯಾಯಸಮ್ಮತ ವಸತಿ ಕಾಯ್ದೆಯಡಿ ಜನಾಂಗ, ಧರ್ಮ, ಮಕ್ಕಳಿರುವ ಕುಟುಂಬ ಮೊದಲಾದ ಆಧಾರದ ಮೇಲೆ ಇಂಥವರಿಗೆ ಆದ್ಯತೆ ಎಂಬ ಸೂಚನೆ ಕೊಡುವ ಜಾಹೀರಾತು ನಿಷಿದ್ಧ. ಮನೆಯನ್ನು ವರ್ಣಿಸಿರಿ, ಅದರಲ್ಲಿ ಇರಬೇಕಾದವರನ್ನು ವರ್ಣಿಸಬೇಡಿ ಎಂದು ಏಜೆಂಟರಿಗೆ ಪಾಠ ಹೇಳುವುದು ಇದಕ್ಕೇ. ಅನೇಕ ಎಂಎಲ್‌ಎಸ್‌ಗಳು ತಮ್ಮ ಪಟ್ಟಿಯಿಂದ ಕೊಂಡಿ ಕೊಡುವ ಪುಟದಲ್ಲಿ ಏಜೆಂಟರ ಹೆಸರು, ಫೋನ್ ಇರಕೂಡದು ಎನ್ನುತ್ತವೆ. ಆದ್ದರಿಂದ ತಾಣ ಕಟ್ಟಿಕೊಡುವ ಕಂಪನಿಗಳು ಒಂದೇ ಮನೆಗೆ ಎರಡು ಪ್ರತಿ ಮಾಡುತ್ತವೆ: ಏಜೆಂಟರ ಮುಖವಿರುವುದೊಂದು, ಇಲ್ಲದ್ದೊಂದು. ಇತ್ತೀಚೆಗೆ ಒಂದು ಹೊಸ ಉಪಯೋಗವೂ ಹುಟ್ಟಿದೆ. ಕಮಿಷನ್ ಕುರಿತ ದಾವೆಗಳಲ್ಲಿ ರಿಯಲ್ಟರುಗಳ ಸಂಘ 2024ರಲ್ಲಿ 41.8 ಕೋಟಿ ಡಾಲರಿಗೆ ರಾಜಿಯಾದಾಗ, ಕೊಳ್ಳುವವರ ಏಜೆಂಟರಿಗೆ ಇಷ್ಟು ಕೊಡುತ್ತೇವೆ ಎಂದು ಎಂಎಲ್‌ಎಸ್‌ನಲ್ಲಿ ತೋರಿಸುವುದನ್ನು ಆ ವರ್ಷದ ಆಗಸ್ಟ್ 17ರಿಂದ ನಿಲ್ಲಿಸಲಾಯಿತು. ತಮ್ಮದೇ ಲಿಸ್ಟಿಂಗಿಗೆ ತಮ್ಮದೇ ವೆಬ್‌ಸೈಟಿನಲ್ಲಿ ಅದನ್ನು ತೋರಿಸಲು ಅಡ್ಡಿಯಿಲ್ಲ. ಪಟ್ಟಿಯಲ್ಲಿ ಇರಲಾರದ ವಿವರಕ್ಕೆ ತಾಣವೇ ನೆಲೆಯಾಗುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ.

ವಿವರ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬ ಆಕ್ಷೇಪ ಉಳಿಯಿತು. ನೆಲನಕ್ಷೆ, ಕಿಟಕಿ ಬಾಗಿಲುಗಳ ಸ್ಪಷ್ಟ ಚಿತ್ರ, ಗೋಡೆಯ ಮೇಲಿನ ಕುಟುಂಬದ ಫೋಟೊ ಇವೆಲ್ಲ ಕಳ್ಳರಿಗೂ ಕಾಣುತ್ತವೆ. ಮಾರಾಟ ಮುಗಿದ ಮೇಲೂ ತಾಣ ತೆರೆದೇ ಇದ್ದರೆ, ಅಷ್ಟೂ ಚಿತ್ರ ಈಗ ಹೊಸ ಮಾಲೀಕರ ಮನೆಯದ್ದು. ಅವರನ್ನು ಯಾರೂ ಕೇಳಿರುವುದಿಲ್ಲ. ಡೊಮೇನಿನ ಅವಧಿ ಮುಗಿದು ನವೀಕರಿಸದಿದ್ದರೆ ಕೆಲವು ವಾರಗಳಲ್ಲಿ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು, ಮನೆಯ ವಿಳಾಸದ ಹೆಸರಿನಲ್ಲಿ ಜೂಜಿನ ಜಾಹೀರಾತು ಹಾಕಬಹುದು. ಫೋಟೊಗಳ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕರದ್ದು. ಬಳಕೆಗೆ ಕೊಟ್ಟ ಅನುಮತಿಯ ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ವಿಎಚ್‌ಟಿ ಎಂಬ ಛಾಯಾಗ್ರಹಣ ಕಂಪನಿ ಝಿಲ್ಲೋ ವಿರುದ್ಧ 2015ರಿಂದ ವರ್ಷಗಟ್ಟಲೆ ನಡೆಸಿದ ಮೊಕದ್ದಮೆಯಿಂದ ತಿಳಿಯಬಹುದು. ಆಕ್ಷೇಪ ಸರಿಯಾದದ್ದೇ. ಅದರ ಪರಿಹಾರವೂ ಕಷ್ಟವಲ್ಲ: ಕುಟುಂಬದ ಗುರುತುಗಳನ್ನು ತೆಗೆದು ಚಿತ್ರ ತೆಗೆಯುವುದು, ಸೂಕ್ಷ್ಮ ಕಾಗದಗಳನ್ನು ಕೇಳಿದವರಿಗೆ ಮಾತ್ರ ಕೊಡುವುದು, ಮಾರಾಟ ನೋಂದಣಿಯಾದ ದಿನವೇ ತಾಣ ಮುಚ್ಚುವುದು. ಮಾಲೀಕರು ಏಜೆಂಟರೊಡನೆ ಮಾಡುವ ಕರಾರಿನಲ್ಲಿ ಇವನ್ನು ಬರೆಸಿಕೊಳ್ಳಬೇಕು. ಬಹಳ ಮಂದಿ ಬರೆಸಿಕೊಳ್ಳುವುದಿಲ್ಲ.

ಭಾರತಕ್ಕೆ ಬಂದಾಗ ಈ ಪದ್ಧತಿ ಬೇರೆಯೇ ರೂಪ ತಾಳಿತು. ಇಲ್ಲಿ ಎಂಎಲ್‌ಎಸ್ ಇಲ್ಲ. ಒಂದೇ ಫ್ಲಾಟನ್ನು ನಾಲ್ವರು ದಲ್ಲಾಳಿಗಳು ನಾಲ್ಕು ಬೆಲೆಗೆ ಪೋರ್ಟಲಿನಲ್ಲಿ ಹಾಕಿರುತ್ತಾರೆ. 2005ರಲ್ಲಿ 99ಏಕರ್ಸ್, ಮರುವರ್ಷ ಮ್ಯಾಜಿಕ್‌ಬ್ರಿಕ್ಸ್, 2014ರಲ್ಲಿ ನೋಬ್ರೋಕರ್ ಪೋರ್ಟಲುಗಳು ಆರಂಭವಾದವು. ಒಂಟಿ ಮನೆಗೆ ತಾಣ ಮಾಡುವವರು ಅಪರೂಪ; ಬಿಲ್ಡರುಗಳ ಒಂದೊಂದು ಪ್ರಾಜೆಕ್ಟಿಗೆ ಒಂದು ಮೈಕ್ರೋಸೈಟ್ ಮಾಡುವುದು ಮಾತ್ರ ಸರ್ವೇಸಾಮಾನ್ಯ. ವೈಟ್‌ಫೀಲ್ಡಿನಲ್ಲೋ ದೇವನಹಳ್ಳಿ ಕಡೆಯಲ್ಲೋ ಬರಲಿರುವ ಅಪಾರ್ಟ್‌ಮೆಂಟಿನ ಹೆಸರು ಹುಡುಕಿ ನೋಡಿ: ಒಂದೇ ಪ್ರಾಜೆಕ್ಟಿಗೆ ನಾಲ್ಕೈದು ತಾಣಗಳು, ಹಲವು ತಮ್ಮನ್ನು ‘ಅಧಿಕೃತ’ ಎಂದೇ ಕರೆದುಕೊಳ್ಳುತ್ತವೆ. ಬಹುತೇಕ ಇವು ಬಿಲ್ಡರಿನವಲ್ಲ, ಕಮಿಷನ್ ಮೇಲೆ ಫ್ಲಾಟು ಮಾರುವ ಚಾನೆಲ್ ಪಾರ್ಟ್‌ನರ್‌ಗಳವು; ಆ ಮಾತು ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಬೆಲೆ ನೋಡೋಣವೆಂದು ಮುಟ್ಟಿದರೆ ಹೆಸರು, ಮೊಬೈಲ್ ಸಂಖ್ಯೆ ಕೇಳುವ ಚೌಕ ತೆರೆದುಕೊಳ್ಳುತ್ತದೆ. ಬ್ರೋಷರ್‌ಗೂ ಅದೇ, ನೆಲನಕ್ಷೆಗೂ ಅದೇ. ಸಂಖ್ಯೆ ಕೊಟ್ಟ ಮೇಲೂ ಬೆಲೆ ಸಿಗುವುದಿಲ್ಲ, ಕರೆಗಳು ಸಿಗುತ್ತವೆ. ಅಮೆರಿಕದ ತಾಣ ಮಾಲೀಕರನ್ನು ಮೆಚ್ಚಿಸಲು ಕಟ್ಟಿದ್ದಾದರೆ ನಮ್ಮದು ಫೋನ್ ಸಂಖ್ಯೆ ಹಿಡಿಯಲು ಒಡ್ಡಿದ ಬಲೆ. ಕೊಳ್ಳುವವನಿಗೆ ವಿವರ ಕೊಡುವ ಕೆಲಸ ಎರಡರಲ್ಲೂ ಹಿಂದೆ ಸರಿದಿದೆ.

ಆದರೆ ಇದೇ ದೇಶದಲ್ಲಿ, ಅಮೆರಿಕದಲ್ಲಿಲ್ಲದ ಒಂದು ಏರ್ಪಾಡೂ ಇದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಜಾಹೀರಾತು ಎಂಬುದಕ್ಕೆ ಯಾವುದೇ ಮಾಧ್ಯಮದ ಪ್ರಚಾರವೂ ಸೇರುವಂತೆ ಅರ್ಥ ಕೊಟ್ಟಿರುವುದರಿಂದ ಮೈಕ್ರೋಸೈಟು ತಪ್ಪಿಸಿಕೊಳ್ಳುವಂತಿಲ್ಲ. 500 ಚದರ ಮೀಟರ್ ಒಳಗಿನ ಅಥವಾ ಎಂಟು ಫ್ಲಾಟಿನವರೆಗಿನ ಸಣ್ಣ ಯೋಜನೆಗಳನ್ನು ಬಿಟ್ಟರೆ, ನೋಂದಣಿಗೆ ಮುಂಚೆ ಜಾಹೀರಾತು ಕೊಡುವುದೇ ಅಪರಾಧ. ದಂಡ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ಹೋಗಬಹುದು. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ರಾಜ್ಯದ ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣಬೇಕು. ಜಾಹೀರಾತನ್ನೋ ಮಾದರಿ ಫ್ಲಾಟನ್ನೋ ನಂಬಿ ಹಣ ಕಟ್ಟಿ ನಷ್ಟಹೊಂದಿದವನಿಗೆ 12ನೆಯ ಕಲಂ ಪರಿಹಾರ ಕೊಡಿಸುತ್ತದೆ. ಬೇಡವೆಂದು ಹಿಂದೆ ಸರಿದರೆ ಬಡ್ಡಿ ಸಹಿತ ಹಣ ವಾಪಸ್. ಮಾರಿಕೊಡುವ ಏಜೆಂಟರೂ ನೋಂದಾಯಿಸಿಕೊಂಡಿರಬೇಕು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್‌ನಿಂದ ಪ್ರತಿ ಜಾಹೀರಾತಿಗೂ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು 11ನೆಯ ಕಲಂ: ಪ್ರತಿ ಯೋಜನೆಗೂ ಪ್ರಾಧಿಕಾರದ ಜಾಲತಾಣದಲ್ಲೇ ಒಂದು ಪುಟವಿರಬೇಕು, ಎಷ್ಟು ಫ್ಲಾಟು ಬುಕ್ ಆಗಿವೆ, ಯಾವ ಅನುಮತಿ ಬಂದಿದೆ, ಯಾವುದು ಬಾಕಿ, ಕಟ್ಟಡ ಎಲ್ಲಿಗೆ ಬಂದಿದೆ ಎಂಬುದನ್ನು ಬಿಲ್ಡರು ಮೂರು ತಿಂಗಳಿಗೊಮ್ಮೆ ಅಲ್ಲಿ ಸೇರಿಸಬೇಕು. ಮುಸ್ಸಂಜೆಯ ಚಿತ್ರವಿಲ್ಲದ, ನೋಡಲು ಸಪ್ಪೆಯಾದ ಆ ಪುಟವೇ ಒಂದು ಆಸ್ತಿಗೆ ಒಂದು ತಾಣ ಎಂಬ ಕಲ್ಪನೆಯ ಉಪಯುಕ್ತ ರೂಪ. ಫೋನ್ ಸಂಖ್ಯೆ ಕೇಳದೆ ಅದು ಕಾಗದ ತೋರಿಸುತ್ತದೆ. ಬಿಲ್ಡರುಗಳು ಸಕಾಲಕ್ಕೆ ತುಂಬದೆ ಹಳಸಿದ ಪುಟಗಳೂ ಅಲ್ಲಿವೆ ಎಂಬುದು ಬೇರೆ ಮಾತು. ತುಂಬಿಲ್ಲ ಎಂಬುದೂ ಓದುಗನಿಗೆ ಒಂದು ಮಾಹಿತಿಯೇ.

ರೇರಾ ಕೈ ಚಾಚದಿರುವುದು ಹಳೆಯ ಮನೆಗಳ ಮರುಮಾರಾಟಕ್ಕೆ. ಮೈಸೂರಿನ ಕುವೆಂಪುನಗರದ ಮನೆಯನ್ನು ಮಾಲೀಕರೇ ಮಾರಿದರೆ, ಇಂಥ ಕಾಗದ ಮುಂಚಿತವಾಗಿ ತೋರಿಸು ಎಂದು ಅವರನ್ನು ಒತ್ತಾಯಿಸುವ ಜಾಹೀರಾತು ನಿಯಮವಿಲ್ಲ. ಒಂದೇ ಮನೆಯ ತಾಣಕ್ಕೆ ಕರ್ನಾಟಕದಲ್ಲಿ ನಿಜವಾದ ಜಾಗವಿರುವುದು ಇಲ್ಲೇ, ಅದರಲ್ಲೂ ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇದ್ದು ತಮ್ಮ ಊರಿನ ಮನೆ ಮಾರುವ ಕನ್ನಡಿಗರಿಗೆ. ತಮ್ಮನಿಗೋ ಭಾವನಿಗೋ ಅಧಿಕಾರ ಪತ್ರ ಬರೆದುಕೊಟ್ಟು, ದಲ್ಲಾಳಿಗಳು ವಾಟ್ಸ್ಯಾಪಿನಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ಕಳಿಸುವುದಕ್ಕಿಂತ ಒಂದು ಪುಟದಲ್ಲಿ ಇವಿಷ್ಟನ್ನು ಇಡಬಹುದು: ಅಳತೆ, ದಿಕ್ಕು, ಮುಂದಿನ ರಸ್ತೆಯ ಅಗಲ, ಮಂಜೂರಾದ ನಕ್ಷೆ, ಇ-ಖಾತಾ ಇದೆಯೇ, ಕಂದಾಯ ಎಲ್ಲಿಯವರೆಗೆ ಕಟ್ಟಿದೆ, ಎಷ್ಟು ವರ್ಷದ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದೆ, ಸಾಲ ಉಳಿದಿದೆಯೇ, ನೀರು ಕಾವೇರಿಯೋ ಬೋರ್‌ವೆಲ್ಲೋ. 2024ರ ಅಕ್ಟೋಬರಿನಿಂದ ರಾಜ್ಯದಲ್ಲಿ ನೋಂದಣಿಗೆ ಇ-ಖಾತಾ ಬೇಕೇಬೇಕು ಎಂದಾದ ಮೇಲೆ ಆ ಒಂದು ಸಾಲೇ ಎಷ್ಟೋ ವ್ಯರ್ಥ ಓಡಾಟವನ್ನು ತಪ್ಪಿಸುತ್ತದೆ. ಕ್ರಯಪತ್ರದ ಪ್ರತಿಯನ್ನೂ ಆಧಾರ್ ಸಂಖ್ಯೆ ಕಾಣುವ ಯಾವ ಹಾಳೆಯನ್ನೂ ಬಹಿರಂಗವಾಗಿ ಹಾಕಬಾರದು. ನಕಲಿ ದಾಖಲೆ ಸೃಷ್ಟಿಸುವವರಿಗೆ ಅಷ್ಟು ಸಾಕು.

ಕೊಳ್ಳುವವರು ಮಾಡಬೇಕಾದದ್ದು ಎರಡು ಕೆಲಸ. ಪ್ರಾಜೆಕ್ಟಿನ ತಾಣವಾದರೆ ಮೊಬೈಲ್ ಸಂಖ್ಯೆ ಕೊಡುವ ಮುನ್ನ ಪಿಆರ್‌ಎಂ/ಕೆಎ/ರೇರಾ ಎಂದು ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಹುಡುಕಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿ. ಆ ಸಂಖ್ಯೆಯ ನಡುವೆ ಎಜಿ ಎಂದಿದ್ದರೆ ಅದು ಯೋಜನೆಯದ್ದಲ್ಲ, ಏಜೆಂಟರದ್ದು. ಒಂಟಿ ಮನೆಯಾದರೆ ತಾಣದಲ್ಲಿ ಇ.ಸಿ. ಇದ್ದರೂ ಅದನ್ನು ನಂಬದೆ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ನೀವೇ ಹೊಸದೊಂದನ್ನು ತೆಗೆಸಿ.